ಮಂಜು ಇಳಿಯಲು ಒಂದಿಷ್ಟು ಜಾಗ

ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಎದುರುಮನೆಯ ಬಾಗಿಲು ತೆರೆದ ಸದ್ದು ಕೇಳಿಸಿತೇ ಹೊರತು ಬಾಗಿಲು ಕಾಣಿಸಲಿಲ್ಲ. ಬೊಂಬೆಯಕ್ಕ ಕಿಟಕಿಯ ಬಳಿ ನಿಂತು, "ನೋಡೇ, ನಿನ್ನ ಸರಕು ಬಂದಿದೆ" ಎಂದಳು. ಕೇಳಿಸಿಕೊಳ್ಳಬೇಕಾದ ತಂಗಿ ಆ ಮನೆಯಲ್ಲಿರಲಿಲ್ಲ.

ಬರೆದ ಚಿತ್ರಗಳಿಗೆ ಜೀವ ಕೊಟ್ಟು ಓಡಾಡಿಸುವುದು, ಅಂದರೆ ಆನಿಮೇಷನ್, ಆ ಅಕ್ಕತಂಗಿಯರ ಕಸುಬು. ಅದಕ್ಕೇ ಬೀದಿಯವರು ಹಿರಿಯಳನ್ನು ಬೊಂಬೆಯಕ್ಕ ಎನ್ನುತ್ತಿದ್ದರು. ಮೇಜಿನ ಆಚೆ ಒಬ್ಬಳು, ಈಚೆ ಒಬ್ಬಳು. ಅಕ್ಕ ಮನುಷ್ಯರನ್ನೂ ಹಕ್ಕಿಗಳನ್ನೂ ಬರೆದರೆ ತಂಗಿ ಅವುಗಳ ಸುತ್ತ ಗಾಳಿ, ಬೆಳಕು, ಮಂಜು ಬರೆಯುತ್ತಿದ್ದಳು. ಇದ್ದಿಲ ಪುಡಿಯನ್ನು ಹೆಬ್ಬೆರಳಿನಿಂದ ಸವರಿ ಸವರಿ ಹಾಳೆಯ ಮೇಲೆ ಮಂಜೆಬ್ಬಿಸುವುದು ಅವಳಿಗೆ ದೇವರು ಕೊಟ್ಟ ವಿದ್ಯೆ. ಗಂಡನಿಗೆ ದೂರದ ಬಂದರಿನಲ್ಲಿ ಕೆಲಸ ಸಿಕ್ಕಿ ಅವಳು ಹೊರಟಾಗ, ಮರಿಯನ್ನು ಹುಡುಕುತ್ತ ಹೋಗುವ ಬಾತುಕೋಳಿಯ ಚಿತ್ರ ಅರ್ಧಕ್ಕೆ ನಿಂತಿತ್ತು. ತನ್ನ ಪಾಲಿನ ಹಾಳೆಗಳನ್ನೆಲ್ಲ ಮುಗಿಸಿಟ್ಟೇ ಹೋಗಿದ್ದಳು. ಅವು ಓಡುವುದನ್ನು ಮಾತ್ರ ನೋಡಿರಲಿಲ್ಲ. ಅವಳು ನೋಡಿ ಹೂಂ ಅನ್ನುವವರೆಗೆ ಇನ್ನೊಬ್ಬರ ಕಣ್ಣಿಗೆ ಬೀಳಿಸುವುದಿಲ್ಲವೆಂದು ಅಕ್ಕ ಹರಕೆ ಹೊತ್ತವಳಂತೆ ಕೂತಿದ್ದಳು.

ಉಳಿದರ್ಧವನ್ನು ತಾನೇ ಮುಗಿಸಿ, ಅಕ್ಕ ಚಿತ್ರವನ್ನು ಮೊದಲು ಫೋನಿನಲ್ಲೇ ಕಳಿಸಿದಳು. ಫೋನು ತನ್ನ ಅನುಕೂಲಕ್ಕೆ ಅದನ್ನು ಹಿಂಡಿ ಹಿಪ್ಪೆ ಮಾಡಿ ತಲುಪಿಸಿತು.

"ಅಕ್ಕ, ಇದೇನೇ ಇದು? ನಾನು ಮಂಜು ಬರೆದಿದ್ದೆ, ನೀನು ಚೌಕ ಚೌಕವಾಗಿ ಟೈಲ್ಸ್ ಹಾಕಿಸಿದೀಯ!"

"ಫೈಲು ಚಿಕ್ಕದಾದಾಗ ಹಾಗಾಗತ್ತೆ ಕಣೇ. ಯಂತ್ರದ ಕಣ್ಣಿಗೆ ನಿನ್ನ ಮಂಜು ಕೊಳೆ ಥರ ಕಾಣತ್ತಂತೆ. ಒರೆಸಿ ಹಾಕತ್ತೆ."

"ನಮ್ಮತ್ತೆ ಹತ್ರ ಕಲಿತಿರಬೇಕು," ಎಂದು ತಂಗಿ ನಕ್ಕಳು. ನಗು ನಿಂತ ಮೇಲೆ ಮೆಲ್ಲಗೆ, "ಒಂದೇ ಒಂದು ಸಲ ಸರಿಯಾಗಿ ನೋಡ್ಬೇಕು ಅಕ್ಕ" ಎಂದಳು.

ಆ ಮಾತು ಅಕ್ಕನ ತಲೆಯೊಳಗೆ ಕೂತುಬಿಟ್ಟಿತು. ದೊಡ್ಡ ಫೈಲುಗಳನ್ನು ಇದ್ದದ್ದು ಇದ್ದ ಹಾಗೆ ಇಡಲು ವೆಬ್ ಹೋಸ್ಟಿಂಗ್ ಬೇಕು, ಅಂದರೆ ಇಂಟರ್ನೆಟ್ಟಿನಲ್ಲೊಂದು ಬಾಡಿಗೆ ಜಾಗ. ಹುಡುಕಿದಳು. ಒಂದು ಕಡೆ ಜಾಗ ಅಗ್ಗ, ಆದರೆ ನೋಡಿದಾಗಲೆಲ್ಲ ಸುಂಕ. ಇನ್ನೊಂದು ಕಡೆ ಮೊದಲ ವರ್ಷ ಮುದ್ದು, ಎರಡನೆಯ ವರ್ಷ ಗುದ್ದು. ಕೊನೆಗೆ ಸಿಕ್ಕಿದ ಕಂಪನಿ ಕೈಗೆಟುಕುವ ಬಾಡಿಗೆಗೆ ಅನ್‌ಲಿಮಿಟೆಡ್ ಜಾಗ ಎಂದಿತ್ತು. ಇದ್ದಬದ್ದದ್ದನ್ನು ಅಲ್ಲಿ ಸುರಿದಳು.

ಅವಳು ಮಾಡಿದ ತಪ್ಪು ಚಿತ್ರ ಬರೆಯುವವರಷ್ಟೇ ಮಾಡುವಂಥದ್ದು. ವೀಡಿಯೊದ ಜೊತೆಗೆ ಸ್ಕ್ಯಾನ್ ಮಾಡಿದ ಒಂದೊಂದು ಹಾಳೆಯನ್ನೂ ಬಿಡಿಬಿಡಿಯಾಗಿ ಏರಿಸಿದಳು. ಮೇಜಿನ ಮೇಲೆ ಇಬ್ಬರೂ ಹಾಳೆಗಳನ್ನು ಮಗುಚಿ ನೋಡುತ್ತಿದ್ದ ಹಾಗೇ ತಂಗಿಯೂ ಮಗುಚಲಿ ಎಂಬ ಆಸೆ. ಆಮೇಲೆ ಕಂಪನಿಯಿಂದ ನೋಟಿಸು ಬಂತು: ಜಾಗಕ್ಕೆ ಮಿತಿಯಿಲ್ಲ, ಫೈಲುಗಳ ಸಂಖ್ಯೆಗೆ ಇದೆ, ಇದು ವೆಬ್‌ಸೈಟ್ ಇಡುವ ಸ್ಥಳ, ಉಗ್ರಾಣವಲ್ಲ. ತಂಗಿ ತೆರೆದು ನೋಡುವ ಮುಂಚೆಯೇ ಬೀಗ ಬಿತ್ತು.

ಪ್ರಾರ್ಥನೆಯ ಮನೆಯಲ್ಲಿ ಹಾಡು ಕಲಿಸುವ ಮೇಷ್ಟ್ರು ಅವಳ ಮುಖ ನೋಡಿಯೇ ಕೇಳಿದರು.

"ಏನಮ್ಮ, ದೇವರ ಜೊತೆ ಜಗಳವಾ?"

"ದೇವರ ಜೊತೆ ಅಲ್ಲ ಮೇಷ್ಟ್ರೇ, ಬಾಡಿಗೆ ಮನೆಯವರ ಜೊತೆ." ನಡೆದದ್ದೆಲ್ಲ ಹೇಳಿದಳು.

ಪ್ರಾರ್ಥನೆಗೆ ಬರಲಾಗದೆ ಮಲಗಿದವರು ಕೇಳಲಿ ಎಂದು ಮೇಷ್ಟ್ರು ಹಾಡುಗಳನ್ನೆಲ್ಲ ರೆಕಾರ್ಡ್ ಮಾಡಿ ಒಂದು ಹೋಸ್ಟಿಂಗ್‌ನಲ್ಲಿ ಇಟ್ಟಿದ್ದರು. ಸ್ವಲ್ಪ ಹೊತ್ತು ಗಡ್ಡ ತುರಿಸಿಕೊಂಡರು.

"ಹಳೇ ಹಾಡುಗಳನ್ನ ಸ್ವಲ್ಪ ದಿನ ನಮ್ಮನೆ ಕಂಪ್ಯೂಟರಿಗೆ ಇಳಿಸ್ಕೋತೀನಿ. ನಿನ್ನ ಬಾತುಕೋಳಿ ಅಲ್ಲಿ ಈಜಲಿ. ಆದ್ರೆ ಹಾಳೆಗಳನ್ನ ಹಪ್ಪಳ ಒಣಹಾಕಿದ ಹಾಗೆ ಹರಡಬೇಡ. ದೃಶ್ಯಕ್ಕೊಂದು ಗಂಟು ಕಟ್ಟು, ಒಂದೇ ಫೈಲಾಗತ್ತೆ. ತಂಗಿ ನೋಡಿ ಆದಮೇಲೆ ಜಾಗ ಬಿಟ್ಕೊಡು, ಸಾಕು."

ಹಾಗೇ ಮಾಡಿದಳು. ಮಾರನೆಯ ದಿನ ಮಧ್ಯಾಹ್ನ ತಂಗಿಯ ಫೋನು ಬಂತು. ಹಿಂದೆ ಮಗು ಏನೋ ಬಡಿಯುತ್ತಿರುವ ಸದ್ದು.

"ಮಂಜು ನಡೀತಿದೆ ಅಕ್ಕ," ಎಂದಳು. "ಅದರೊಳಗೆ ನನ್ನ ಹೆಬ್ಬೆರಳ ಗುರುತು ಕಾಣ್ತಿದೆ. ಹಾಳೆ ಮೂಲೇಲಿ ನೀನು ಪೆನ್ಸಿಲಲ್ಲಿ ನನ್ನ ಬೈದು ಬರೆದಿದ್ದೂ ಇದೆ."

"ಯಾವ್ದು?"

"'ಕೈ ತೊಳಿ, ಕತ್ತೆ' ಅಂತ."

ಇಬ್ಬರೂ ನಕ್ಕರು. ಎಲ್ಲವನ್ನೂ ತನ್ನ ಕಂಪ್ಯೂಟರಿಗೆ ಇಳಿಸಿಕೊಂಡಾಯಿತೆಂದೂ, ಇನ್ನು ಊರಿಗೆಲ್ಲ ತೋರಿಸಬಹುದೆಂದೂ ತಂಗಿ ಹೇಳಿದಳು.

ಅಲ್ಲಿಗೆ ಜಾಗದ ಕೆಲಸ ಮುಗಿದಿತ್ತು. ಆದರೆ ಆ ಹೋಸ್ಟಿಂಗ್‌ನಲ್ಲಿ ಯಾರಾದರೂ ಬಂದು ಚಿತ್ರ ಓಡಿಸಿ ನೋಡಿದರೆ ಪುಟದ ಮೂಲೆಯಲ್ಲಿ ಲೆಕ್ಕ ಒಂದು ಏರುತ್ತಿತ್ತು. ಕೊಂಡಿ ತಂಗಿಯೊಬ್ಬಳ ಬಳಿಯೇ ಇದ್ದದ್ದರಿಂದ ಬಂದವಳು ಅವಳೇ ಎಂದು ಅಕ್ಕನಿಗೆ ಗೊತ್ತು. ತನ್ನಲ್ಲೇ ಚಿತ್ರವಿದ್ದರೂ ಅವಳು ಅಲ್ಲಿಗೇ ಬಂದು ನೋಡುತ್ತಿದ್ದಳು. ಅಕ್ಕ ಒಲೆಯ ಮೇಲಿನ ಹಾಲನ್ನು ಬಿಟ್ಟು ಬಂದು ನೋಡುವಳು: ಲೆಕ್ಕ ಏರಿರುತ್ತಿತ್ತು. ಹೊಸಿಲ ಮೇಲೆ ತಂಗಿಯ ಚಪ್ಪಲಿ ಕಂಡಷ್ಟೇ ಜೀವಕ್ಕೆ ಹಿತ. ಇವತ್ತು ಅಳಿಸುತ್ತೇನೆ, ನಾಳೆ ಅಳಿಸುತ್ತೇನೆ ಎಂದು ದಿನ ತಳ್ಳಿದಳು. ಮೇಷ್ಟ್ರು ಒಂದು ಮಾತೂ ಕೇಳಲಿಲ್ಲ.

ವಾರದ ಪ್ರಾರ್ಥನೆ ಮುಗಿದು ಜನ ಚದುರುವಾಗ ದರ್ಜಿಯ ಹೆಂಡತಿ ಮೇಷ್ಟ್ರನ್ನು ತಡೆದಳು. "ನಮ್ಮತ್ತೆ ಬೆಳಗಿನ ಹಾಡು ಹಾಕು ಅಂತ ದಿನಾ ಗೋಳಾಡ್ತಾರೆ. ಅಲ್ಲಿ ಸಿಗ್ತಾನೇ ಇಲ್ವಲ್ಲ?"

"ಬರತ್ತಮ್ಮ. ಸ್ವಲ್ಪ ದಿನ ಹಳೇ ಹಾಡಿಗೂ ರಜ," ಎಂದರು ಮೇಷ್ಟ್ರು. ಕಂಬದ ಪಕ್ಕದಲ್ಲೇ ಇದ್ದ ಬೊಂಬೆಯಕ್ಕನ ಕಡೆ ತಿರುಗಿಯೂ ನೋಡಲಿಲ್ಲ.

ಅವಳು ನೇರ ಮೇಷ್ಟ್ರ ಮನೆಗೆ ಹೋಗಿ ಅವರ ಹೆಂಡತಿಯಿಂದ ಹಾಡುಗಳನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡು ಬಂದಳು. ಮೇಜಿನ ಮುಂದೆ ಕೂತು ಪುಟ ತೆರೆದಳು. ಲೆಕ್ಕ ಆಗಷ್ಟೇ ಇನ್ನೊಂದು ಏರಿತ್ತು. ತಂಗಿ ನೋಡಿ ಮುಗಿಸುವಷ್ಟು ಹೊತ್ತು ಕೈಕಟ್ಟಿ ಕಾದಳು. ಆಮೇಲೆ ದೇವರನ್ನು ನೆನೆದು, ವೀಡಿಯೊವನ್ನೂ ಗಂಟುಗಳನ್ನೂ ಒಂದೊಂದಾಗಿ ಅಳಿಸಿದಳು. ಖಾಲಿಯಾದ ಜಾಗಕ್ಕೆ ಮೊದಲು ಬೆಳಗಿನ ಹಾಡನ್ನು ಏರಿಸಿದಳು. ಅದರ ಹಿಂದೆ ಉಳಿದವುಗಳನ್ನೆಲ್ಲ, ಮೇಷ್ಟ್ರು ಇಟ್ಟಿದ್ದ ಕ್ರಮದಲ್ಲೇ.