ಕೆಂಪು ತುದಿಯ ಹಗ್ಗ

ಗಂಟು ಬಿಚ್ಚುತ್ತಿದ್ದ ರೋಲಿಯ ಬೆರಳುಗಳು ಅಲ್ಲೇ ನಿಂತುಬಿಟ್ಟವು.

ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಹಂದಿಮಾಂಸ ಬಿಸಿ ಮಾಡುವ ದೊಡ್ಡ ಕರೆಂಟ್ ಪಾತ್ರೆ ಅವನ ಮುಂದಿತ್ತು. ಮುಚ್ಚಳ ಜಾರದಂತೆ ಅದಕ್ಕೆ ಅಡ್ಡಡ್ಡ ಸುತ್ತಿ ಕಟ್ಟಿದ್ದ ಹಗ್ಗ ಹಳದಿಯದು, ಕಿರುಬೆರಳಿನಷ್ಟು ದಪ್ಪ, ಒಂದೂವರೆ ಮಾರು ಉದ್ದ. ಎರಡೂ ತುದಿಗೆ ಕೆಂಪು ಪೇಂಟು.

“ಏನೋ, ಗಂಟಿನ ಮುಂದೆ ಧ್ಯಾನಕ್ಕೆ ಕೂತ್ಯಾ?” ಆಲೂಗಡ್ಡೆ ಸುಲಿಯುತ್ತಿದ್ದ ಇರ್ಮಾ ಗದರಿದಳು. ಊರಿನ ಮದುವೆ, ಸಾವು, ಎಲ್ಲ ಊಟಕ್ಕೂ ಯಜಮಾನಿ ಈ ಎಂಬತ್ತರ ಮುದುಕಿಯೇ. “ಹನ್ನೊಂದಕ್ಕೆ ಪ್ರಾರ್ಥನೆ. ಮಣ್ಣು ಮಾಡಿ ವಾಪಸ್ ಬರೋದ್ರೊಳಗೆ ಬಿಸಿ ಆಗ್ಬೇಕು.”

“ಈ ಪಾತ್ರೆ ಯಾರ್ದು ಇರ್ಮಾ?”

“ಲೋರ್ನಾದು. ಹೋದ ತಿಂಗಳ ಕೊನೇಲಿ ಚರ್ಚಿನ ಊಟಕ್ಕೆ ತಂದಿದ್ಲು, ಇಲ್ಲೇ ಉಳೀತು. ಗಂಡನ ಸಾವಿನೂಟಕ್ಕೇ ಮತ್ತೆ ಬೇಕಾಗುತ್ತೆ ಅಂತ ಯಾರಿಗ್ ಗೊತ್ತಿತ್ತು, ಪಾಪ.”

“ಹಗ್ಗಾನೂ ಅವಳೇ ಕಟ್ಟಿದ್ದಾ?”

“ಇನ್ಯಾರು ಕಟ್ತಾರೆ? ಕಾರಲ್ಲಿ ಮುಚ್ಚಳ ಜಾರಿದ್ರೆ ಸೀಟೆಲ್ಲ ಜಿಡ್ಡು ಅಂತ, ಹೊರಡೋ ಅವಸರದಲ್ಲಿ ಶೆಡ್ಡಲ್ಲಿ ಕೈಗೆ ಸಿಕ್ಕಿದ್ದು ಬಿಚ್ಕೊಂಡು ಕಟ್ಟಿದೆ ಅಂದ್ಲು. ಯಾಕೋ, ಮುಖ ಹೀಗ್ ಬಿಳಚ್ಕೊಂಡಿದೆ?”

“ಏನಿಲ್ಲ, ಚಳಿ.”

ರೋಲಿ ಹಗ್ಗವನ್ನು ಸುತ್ತಿ ಕೋಟಿನ ಜೇಬಿಗೆ ತುರುಕಿಕೊಂಡ. ಸೋಮವಾರದಿಂದ ಅವನು ಹುಡುಕುತ್ತಿದ್ದದ್ದು ಇದನ್ನೇ.

*

ಆ ಹಗ್ಗ ಯಾತಕ್ಕೆ ಎಂದು ಅವನಿಗೆ ಹೇಳಿಕೊಟ್ಟವನೇ ಲೋರ್ನಾಳ ಗಂಡ ಡೆಲ್ಬರ್ಟ್. ಮೂವತ್ತು ವರ್ಷದ ಹಿಂದಿನ ಮಾತು. ಜಿಂಕೆ ಬೇಟೆಗೆ ಮರ ಏರುವ ಅಟ್ಟಣೆ ಆಗ ರೋಲಿಗೆ ಹೊಸದು. ಬೆನ್ನಿಗೆ ಹೊತ್ತು ಕಾಡಿಗೆ ಹೋಗಬಹುದಾದ ಎರಡು ತುಂಡು: ಮೇಲಿನದು ಕೂರಲು, ಕೆಳಗಿನದು ಕಾಲಿಡಲು. ಎರಡೂ ಮರವನ್ನು ತಬ್ಬಿಕೊಂಡಿರುತ್ತವೆ. ಎದ್ದು ನಿಂತು ಮೇಲಿನದನ್ನು ಸರಿಸಬೇಕು, ಕೂತು ಕಾಲಿನಿಂದ ಕೆಳಗಿನದನ್ನು ಎಳೆದುಕೊಳ್ಳಬೇಕು. ಹೀಗೆ ಕಂಬಳಿಹುಳು ತೆವಳಿದ ಹಾಗೆ ಇಪ್ಪತ್ತು ಅಡಿ ಏರಿದರೆ, ಜಿಂಕೆಗೆ ನಿಮ್ಮ ವಾಸನೆಯೂ ತಾಕುವುದು ಕಷ್ಟ.

“ಮೇಲ್ ಕೂತಿದ್ದಾಗ ಕಾಲಿನ ತುಂಡು ಜಾರಿ ಬಿತ್ತು ಅನ್ಕೋ,” ಡೆಲ್ಬರ್ಟ್ ಕೇಳಿದ್ದ. “ಏನ್ ಮಾಡ್ತೀಯಾ?”

“ನೆಗೀತೀನಿ.”

“ನೆಗೀತಾನಂತೆ! ನೆಗೆದ್ರೆ ನೇರ ಚರ್ಚಿನ ಹಿತ್ತಲ ಸಮಾಧಿಗೆ, ಪಾದ್ರಿ ಮುಂದೆ. ಅದಕ್ಕೇ ಕಣೋ ಎರಡನ್ನೂ ಸೇರ್ಸಿ ಹಗ್ಗ ಕಟ್ಟೋದು. ಬಿದ್ರೂ ನೇತಾಡ್ತಿರುತ್ತೆ. ಎಳ್ಕೊಂಡು, ಕಾಲಿಟ್ಟು, ಇಳಿದು ಬಂದು, ಮನೇಲಿ ಬಿಸಿ ಸೂಪ್ ಕುಡೀತೀಯಾ.”

ಹೇಳುತ್ತಲೇ ತನ್ನ ಹಗ್ಗದ ತುದಿಗಳನ್ನು, ಎಳೆ ಬಿಚ್ಚಿಕೊಳ್ಳದಿರಲಿ ಎಂದು, ಕೊಟ್ಟಿಗೆಗೆ ಬಳಿಯುವ ಕೆಂಪು ಪೇಂಟಿನ ಡಬ್ಬಿಯಲ್ಲಿ ಅದ್ದಿದ್ದ.

ಅವನ ಸ್ವಭಾವವೇ ಹಾಗೆ. ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ. ಕೊನೆಯ ಮಗು ಕೂತದ್ದನ್ನು ಕನ್ನಡಿಯಲ್ಲಿ ನೋಡದೆ ಒಂದು ದಿನವೂ ಬಸ್ಸು ಕದಲಿಸಿದವನಲ್ಲ. ಊರಲ್ಲಿ ಎಲ್ಲರೂ ‘ಹೇಗಿದ್ದೀಯಾ’ ಎಂದರೆ ಇವನು ‘ಹಗ್ಗ ಕಟ್ಟಿದ್ಯಾ’ ಎನ್ನುತ್ತಿದ್ದ. ಪೆಟ್ರೋಲ್ ಬಂಕಿನಲ್ಲಿ, ಮದುವೆಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೂ ಕೇಳಿದ್ದನಂತೆ. ಜನ ನಗುತ್ತಿದ್ದರು, ಆದರೆ ಕಟ್ಟುತ್ತಿದ್ದರು.

ಸೋಮವಾರ ಬೆಳಕು ಹರಿಯುವ ಮೊದಲೇ ಬಿಲ್ಲು ಹಿಡಿದು ಹೋದವನು ಕಾಫಿ ಹೊತ್ತಿಗೆ ಬರಲಿಲ್ಲ. ಹುಡುಕಿಕೊಂಡು ಹೋದವನು ರೋಲಿ. ಓಕ್ ಮರದ ಬುಡದಲ್ಲಿ ಕಾಲಿನ ತುಂಡು ಬಿದ್ದಿತ್ತು, ಅದರ ಪಕ್ಕದಲ್ಲಿ ಡೆಲ್ಬರ್ಟ್. ಮೈಯನ್ನು ಮರಕ್ಕೆ ಬಿಗಿಯುವ ಸುರಕ್ಷತೆಯ ಪಟ್ಟಿ ಮೇಲೆ ಖಾಲಿ ನೇತಾಡುತ್ತಿತ್ತು. ಫೋನು ಗಾಡಿಯಲ್ಲಿತ್ತು, ಸದ್ದಾದರೆ ಜಿಂಕೆ ಓಡುತ್ತದಲ್ಲ. ಎಷ್ಟು ಹೊತ್ತು ಕೂಗಿದನೋ. ಕೊನೆಗೆ ಪಟ್ಟಿ ಕಳಚಿ, ಮರ ತಬ್ಬಿ ಇಳಿಯಲು ನೋಡಿದ್ದಾನೆ. ಎಪ್ಪತ್ತೊಂದು ವರ್ಷದ ತೋಳು ಎಷ್ಟು ದೂರ ತಬ್ಬಿಕೊಂಡು ಬಂದೀತು?

ಪೊಲೀಸರು ಬರುವವರೆಗೂ ರೋಲಿ ಮೊಣಕಾಲೂರಿ ಎಲೆಗಳಡಿ ಹಗ್ಗ ಹುಡುಕಿದ್ದ. ಶೆಡ್ಡಿನಲ್ಲಿಡುವ ಆ ಅಟ್ಟಣೆಯಲ್ಲೇ ಮೂವತ್ತು ವರ್ಷದಿಂದ ಇದ್ದ ಹಗ್ಗ. ಊರಿನವರ ಹಗ್ಗವನ್ನೆಲ್ಲ ವಿಚಾರಿಸುತ್ತಿದ್ದವನು, ಇದ್ದೇ ಇರುತ್ತದೆ ಎಂದು, ಆ ದಿನ ಕತ್ತಲಲ್ಲಿ ತನ್ನದನ್ನು ಮುಟ್ಟಿ ನೋಡಿರಲಿಲ್ಲ.

*

ಮೇಲೆ ಚರ್ಚಿನ ಬಾಗಿಲಲ್ಲಿ ಗಂಡಸರು ಗುಂಪಾಗಿದ್ದರು. ಮರುದಿನ ಬಂದೂಕಿನ ಬೇಟೆಯ ಕಾಲ ಶುರು, ಊರಿನ ಗಂಡಸರೆಲ್ಲ ಕಾಡಿನಲ್ಲಿರುತ್ತಾರೆ. ಅದಕ್ಕೇ ಶುಕ್ರವಾರವೇ ಮಣ್ಣು.

“ನಾಳೆ ಇಟ್ಟಿದ್ರೆ ಡೆಲ್ಬರ್ಟೂ ಬರ್ತಿರ್ಲಿಲ್ಲ ಬಿಡಿ,” ಯಾರೋ ಅಂದರು. ನಾಲ್ಕು ಜನ ನಕ್ಕು, ನೆಲ ನೋಡಿದರು.

“ನಗೋ ವಿಷಯ ಅಲ್ಲ,” ಡೆಲ್ಬರ್ಟನ ತಮ್ಮ ಆಸ್ಕರ್ ತಲೆಯಾಡಿಸಿದ. ಅವನ ಪಿಸುಮಾತೂ ಹತ್ತು ಬೆಂಚು ದಾಟುತ್ತದೆ. “ಅಣ್ಣನಿಗೆ ಅರಳುಮರಳು ಕಣ್ರೋ. ಹೋದ ಭಾನುವಾರ ನನ್ನ ಮೊಮ್ಮಗಳ ಹೆಸರು ತಡವರಿಸಿದ. ತಲೆ ನೆಟ್ಟಗಿದ್ದಿದ್ರೆ ಡೆಲ್ಬರ್ಟ್ ಹಗ್ಗ ಕಟ್ಟೋದು ಮರೀತಿದ್ನಾ?”

“ಮೊಮ್ಮಕ್ಕಳು ಹನ್ನೊಂದು ಜನ ಇದ್ದಾರಲ್ಲೋ ನಿಂಗೆ,” ರೋಲಿ ಸಿಡುಕಿದ. “ನೀನು ತಡವರಿಸಲ್ವಾ?”

ಆದರೆ ಮಾತು ಮುಟ್ಟಬೇಕಾದವರಿಗೆ ಮುಟ್ಟಿತ್ತು. ತೆರೆದಿಟ್ಟ ಶವಪೆಟ್ಟಿಗೆಯ ಪಕ್ಕ ನಿಂತಿದ್ದ ಲೋರ್ನಾ ರೋಲಿಯನ್ನು ಕೈಸನ್ನೆ ಮಾಡಿ ಕರೆದಳು. ಡೆಲ್ಬರ್ಟನಿಗೆ ಚೌಕಳಿ ಅಂಗಿ ಹಾಕಿದ್ದರು. ಹಣೆಯ ಗಾಯ ಪುಡಿಯಲ್ಲಿ ಮುಚ್ಚಿಹೋಗಿತ್ತು.

“ರೋಲಿ, ನಿಜ ಹೇಳು. ಆಸ್ಕರ್ ಹೇಳ್ತಿರೋದು ಹೌದಾ? ಮರೆವು ಇತ್ತಾ ಇವನಿಗೆ?”

“ಇಲ್ಲ ಲೋರ್ನಾ.”

“ಮತ್ತೆ? ನಲವತ್ತನಾಲ್ಕು ವರ್ಷ ಪಕ್ಕದಲ್ಲಿ ಮಲಗಿದೀನಿ. ನನಗೆ ಗೊತ್ತಾಗ್ಬೇಕಿತ್ತು ಕಣೋ. ಗೊತ್ತಾಗಿದ್ರೆ ಮರ ಹತ್ತೋಕೆ ಬಿಡ್ತಿದ್ದೆನಾ? ನಾನೇ ಕಳಿಸಿ ಕೊಂದ ಹಾಗಾಯ್ತಲ್ಲ.” ಅವಳು ಗಂಡನ ಅಂಗಿಯ ಗುಂಡಿಯನ್ನು ಸರಿಪಡಿಸಿದಳು. ಅದು ಸರಿಯಾಗಿಯೇ ಇತ್ತು. “ಎಲ್ಲರೂ ಹಗ್ಗ ಹಗ್ಗ ಅಂತಾರೆ. ಅದು ಎಲ್ಲಿರುತ್ತೆ, ಹೇಗಿರುತ್ತೆ ಅಂತ ಕೂಡ ನಂಗೊತ್ತಿಲ್ಲ. ಇವತ್ತು ಮನೆಗೆ ಹೋಗಿ ಶೆಡ್ಡನ್ನೇ ತಲೆಕೆಳಗು ಮಾಡ್ತೀನಿ. ಅದನ್ನ ಯಾವಾಗ, ಯಾಕೆ ಬಿಚ್ಚಿದ ಅಂತ ಗೊತ್ತಾಗ್ಲೇಬೇಕು. ಶೆಡ್ಡಲ್ಲಿ ನಾನೇ ಎಲ್ಲೋ...” ಅವಳ ಹುಬ್ಬು ಗಂಟಿಕ್ಕಿತು. ಏನನ್ನೋ ನೆನಪಿಸಿಕೊಳ್ಳುತ್ತಿದ್ದಳು.

ಜೇಬಿನಲ್ಲಿ ರೋಲಿಯ ಮುಷ್ಟಿ ಬಿಗಿಯಿತು. ನಿಜ ಹೇಳಿದರೆ ಡೆಲ್ಬರ್ಟನ ಹೆಸರು ಉಳಿಯುತ್ತದೆ, ಲೋರ್ನಾ ಉಳಿಯುವುದಿಲ್ಲ. ಬಾಯಿ ಮುಚ್ಚಿಕೊಂಡರೆ, ಊರಿಗೆಲ್ಲ ಹಗ್ಗ ಕಟ್ಟಿಸಿದವನು ಅರಳುಮರಳಿನವನಾಗಿ ಮಣ್ಣು ಸೇರುತ್ತಾನೆ. ಇವಳು ಸಂಜೆಯೊಳಗೆ ಶೆಡ್ಡಿನಲ್ಲಿ ನಿಂತು ಆ ಪಾತ್ರೆಯನ್ನು ನೆನಪಿಸಿಕೊಂಡೇ ತೀರುತ್ತಾಳೆ.

“ಹುಡುಕಬೇಡ,” ಅಂದ. “ಹಗ್ಗ ನನ್ನ ಹತ್ರ ಇದೆ.”

“ಏನು?”

“ಅಕ್ಟೋಬರಲ್ಲಿ ನೀನು ತಂಗಿ ಮನೆಗೆ ಹೋಗಿದ್ಯಲ್ಲ, ಆಗ ಅವನ ಅಟ್ಟಣೆ ಕೇಳಿ ತಗೊಂಡು ಹೋಗಿದ್ದೆ. ಒಂದು ಹೆಣ್ಣು ಜಿಂಕೆ ಬಿತ್ತು. ಗಾಡಿವರೆಗೆ ಎಳೆಯೋಕೆ ಹಗ್ಗ ಬೇಕಿತ್ತು, ಅದನ್ನೇ ಬಿಚ್ಚಿದೆ. ಅಟ್ಟಣೆ ವಾಪಸ್ ಇಟ್ಟೆ. ಹಗ್ಗ ಕಟ್ಟಲಿಲ್ಲ.” ಕಣ್ಣು ಒರೆಸಿಕೊಂಡ. ಅಳು ಮಾತ್ರ ಸುಳ್ಳಾಗಿರಲಿಲ್ಲ. “ಡೆಲ್ಬರ್ಟ್ ಏನೂ ಮರೆತಿಲ್ಲ ಲೋರ್ನಾ. ಮರೆತವನು ನಾನು.”

ಲೋರ್ನಾ ಗಂಡನ ಅಂಗಿಯಿಂದ ಕೈ ತೆಗೆದಳು. ಆಮೇಲೆ ಬಾಗಿಲ ಕಡೆ ತಿರುಗಿ, ಇಡೀ ಚರ್ಚಿಗೆ ಕೇಳುವಂತೆ ಕೂಗಿದಳು:

“ಆಸ್ಕರ್! ನಿನ್ನ ಅಣ್ಣನ ತಲೆ ಕೊನೇವರೆಗೂ ನೆಟ್ಟಗಿತ್ತು ಕಣೋ! ಹಗ್ಗ ಬಿಚ್ಚಿದವನು ಇವನು!”

ಎಲ್ಲರೂ ತಿರುಗಿದರು. ಆಸ್ಕರ್ ಬಾಯಿ ತೆರೆದು ಮತ್ತೆ ಮುಚ್ಚಿದ. ಲೋರ್ನಾಳ ಬೆನ್ನು ಐದು ದಿನದಲ್ಲಿ ಮೊದಲ ಸಲ ನೇರವಾಗಿತ್ತು.

“ಐದು ದಿನ,” ಅವಳು ಈಗ ಮೆಲ್ಲಗೆ ಹೇಳಿದಳು. “ಐದು ದಿನ ನನ್ನ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿದ್ಯಲ್ಲೋ. ನಾನು ಅಳೋದನ್ನ ನೋಡ್ಕೊಂಡು. ನಿನಗೆ ಹೇಗ್ ತಾನೇ ಮನಸ್ಸು ಬಂತು?”

ಅಷ್ಟು ದೂರ ಅವನು ಯೋಚಿಸಿರಲಿಲ್ಲ.

“ಪೆಟ್ಟಿಗೆ ಮುಟ್ಟಬೇಡ ನೀನು.”

*

ಪ್ರಾರ್ಥನೆ ಮುಗಿಯಿತು. ಪೆಟ್ಟಿಗೆ ಹೊರಲು ಆರು ಜನರ ಹೆಸರು ಬರೆದಿದ್ದರು. ಮುಂದಿನ ಬಲಗಡೆ ರೋಲಿಯದು. ಐವರು ತಮ್ಮ ತಮ್ಮ ಹಿಡಿಗೆ ಕೈ ಹಾಕಿದರು. ಇನ್ನೊಬ್ಬರನ್ನು ಕರೆಯಲೇ ಎಂದು ಪಾದ್ರಿ ಲೋರ್ನಾಳ ಕಡೆ ನೋಡಿದರು. ಅವಳು ಬೇಡವೆಂದು ತಲೆಯಾಡಿಸಿದಳು.

“ಅಯ್ಯೋ ದೇವರೇ,” ನೆಲಮಾಳಿಗೆಯಿಂದ ಹತ್ತಿ ಬಂದಿದ್ದ ಇರ್ಮಾ ಗೊಣಗಿದಳು. ಅವಳು ರೋಲಿಯ ಮುಖ ನೋಡಿದಳು, ಅವನ ಜೇಬು ನೋಡಿದಳು, ಏನೋ ಕೇಳಲು ಹೋದಳು. ರೋಲಿ ಕಣ್ಣಲ್ಲೇ ಬೇಡಿಕೊಂಡ. ಮುದುಕಿ ಬಾಯಿಗೆ ಸೆರಗಿನಂತೆ ಏಪ್ರನ್ ಒತ್ತಿಕೊಂಡು ಗೋಡೆಗೆ ಒರಗಿದಳು.

ಹೊರಗೆ ಮೆಟ್ಟಿಲ ಮೇಲೆ ಬೆಳಗಿನ ಮಂಜು ಗಟ್ಟಿಯಾಗಿತ್ತು. ಎರಡನೇ ಮೆಟ್ಟಿಲಲ್ಲಿ ಪೆಟ್ಟಿಗೆ ಬಲಕ್ಕೆ ವಾಲಿತು. ತನಗೇ ಅರಿವಿಲ್ಲದೆ ರೋಲಿಯ ಕೈ ಜೇಬಿನಿಂದ ಚಿಮ್ಮಿತು. ಅದರ ಜೊತೆಗೆ ಹಳದಿ ಹಗ್ಗದ ಒಂದು ಗೇಣು, ಕೆಂಪು ತುದಿ. ಲೋರ್ನಾ ತಿರುಗುವಷ್ಟರಲ್ಲಿ ಅವನು ಎರಡನ್ನೂ ಜೇಬಿಗೆ ಒತ್ತಿಕೊಂಡಿದ್ದ.

ಆಸ್ಕರ್ ತೊಡೆ ಕೊಟ್ಟು ಪೆಟ್ಟಿಗೆಯನ್ನು ನಿಲ್ಲಿಸಿದ. ಐವರೂ ಸಾವರಿಸಿಕೊಂಡು ಚರ್ಚಿನ ಹಿತ್ತಲ ಕಡೆ ಹೊರಟರು. ಯಾರೂ ಹಿಡಿಯದ ಆ ಒಂದು ಹಿಡಿ, ಅವರು ಇಟ್ಟ ಹೆಜ್ಜೆಗೊಮ್ಮೆ ಎದ್ದು, ಪೆಟ್ಟಿಗೆಯ ಮರಕ್ಕೆ ಬಡಿಯುತ್ತಾ ಹೋಯಿತು.