ಕಟಿಂಗ್ ಶಾಪಿನ ಕನ್ನಡಿ

ಬೆಳಗ್ಗೆ ಬಸ್ಸಿಳಿದವನೇ ಮೊದಲು ಮಾಡಿದ ಕೆಲಸವೆಂದರೆ ಸಂಜೆಯ ಬಸ್ಸಿಗೆ ವಾಪಸ್ ಟಿಕೆಟ್ ತೆಗೆದದ್ದು. ಕೌಂಟರಿನವನು ನನ್ನ ಮುಖವನ್ನೇ ನೋಡಿದ. ಬಂದ ಕಾಲಲ್ಲೇ ಹೊರಟನಲ್ಲ ಅಂತ ಅವನಿಗೆ ಅನ್ನಿಸಿರಬೇಕು. ಅನ್ನಿಸಲಿ, ನನಗೇನು. ಈ ಊರಿನಲ್ಲಿ ಒಂದು ಗಳಿಗೆ ಹೆಚ್ಚು ನಿಂತರೂ ನನಗೆ ಆಗಿಬರುವುದಿಲ್ಲ. ಸುಮ್ಮನೆ ದೂರುತ್ತಿಲ್ಲ, ಹರೆಯವನ್ನೆಲ್ಲ ಇಲ್ಲೇ ಕಳೆದವನು ನಾನು. ಗಾಜಿನಂಗಡಿಯಲ್ಲಿ ಗಾಜು ಹೊತ್ತು ಹೊತ್ತು ಸಾಕಾಗಿ ದೂರದ ಸಣ್ಣ ಊರೊಂದಕ್ಕೆ ಹೋದೆ. ಅಲ್ಲಿ ಫೋಟೋಗೆ ಕಟ್ಟು ಹಾಕುವ, ಕಿಟಕಿಗೆ ಗಾಜು ಕೂರಿಸುವ ನನ್ನದೇ ಅಂಗಡಿ ಇದೆ. ಅಲ್ಲಿ ಕಣ್ಣು ತುಂಬ ನಿದ್ದೆ ಬರುತ್ತದೆ. ಇಲ್ಲಿ ಬಂದರೆ ಸಾಕು, ಕೂತರೆ ನಿಲ್ಲೋಣ, ನಿಂತರೆ ಓಡೋಣ ಅನ್ನಿಸುತ್ತದೆ.

ಬಂದದ್ದು ಅಕ್ಕನಿಗಾಗಿ. ಹೋದ ವಾರ ಫೋನ್ ಮಾಡಿದ್ದಳು. ಅಕ್ಕನ ಗಂಡ, ಅಂದರೆ ನಮ್ಮ ಭಾವ, ನನ್ನನ್ನು ಈ ಊರಿಗೆ ಕರೆತಂದು ಗಾಜಿನ ಕೆಲಸ ಕಲಿಸಿದವರು. ಈಗಲೂ ಅದೇ ಅಂಗಡಿಯಲ್ಲಿದ್ದಾರೆ. ಅವರ ಕಣ್ಣು ಹೋಗುತ್ತಿದೆಯಂತೆ. ಡಾಕ್ಟರು ನೋಡಿ ನರದ ತೊಂದರೆ ಅಂದಿದ್ದಾರೆ, ಹೋದ ದೃಷ್ಟಿ ಬರುವುದಿಲ್ಲ, ಉಳಿದದ್ದನ್ನು ಕಾಪಾಡಿಕೊಳ್ಳಿ ಅಂದಿದ್ದಾರೆ. ನೆಟ್ಟಗೆ ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಮತ್ತು ಕಾಲ ಬುಡದ್ದು ಕಾಣುವುದಿಲ್ಲ. ಇಷ್ಟಾದರೂ ಭಾವ ಅಂಗಡಿಯಲ್ಲಿ ತುಟಿ ಪಿಟಕ್ಕೆನ್ನದೆ ಆಳೆತ್ತರದ ಗಾಜು ಹಿಡಿದು ದಿನಾ ಬೀದಿಗಿಳಿಯುತ್ತಿದ್ದಾರೆ. ನಾನು ಬಂದು ಹೇಗಾದರೂ ಮಾಡಿ ಅದನ್ನು ಬಿಡಿಸಬೇಕು. ತನ್ನ ಮಾತನ್ನು ಅವರು ಕಿವಿ ಮೇಲೆ ಹಾಕಿಕೊಳ್ಳುವುದಿಲ್ಲ, ನನ್ನದಾದರೆ ಕೇಳಬಹುದು ಅಂತ ಅಕ್ಕನ ಲೆಕ್ಕಾಚಾರ.

ಅವರ ಮನೆ ಮೂರನೇ ಮಹಡಿಯಲ್ಲಿ, ಒಂದು ಕೋಣೆ, ಒಂದು ಅಡುಗೆಮನೆ. ಏದುಸಿರು ಬಿಡುತ್ತ ಹತ್ತಿ ನೋಡಿದರೆ ಭಾವ ಆಗಲೇ ಕೆಲಸಕ್ಕೆ ಹೋಗಿಯಾಗಿದೆ. ನಾನು ಬರುವುದು ಗೊತ್ತಿದ್ದೇ ಬೇಗ ಜಾಗ ಖಾಲಿ ಮಾಡಿದ್ದಾರೆ, ಕಳ್ಳ ಮನುಷ್ಯ. ಅಕ್ಕ ಕೊಟ್ಟ ಟೀಯನ್ನು ನಿಂತುಕೊಂಡೇ ಕುಡಿದೆ. ಕಾಲಿಗೇನು ಚಕ್ರ ಕಟ್ಟಿಕೊಂಡಿದ್ದೀಯಾ, ಒಂದು ನಿಮಿಷ ಕೂರಬಾರದಾ ಅಂತ ಬೈದಳು. ಕೂತೆ. ಕೂತ ಮೇಲೆ ಅವಳು ಹೇಳಿದ್ದನ್ನೆಲ್ಲ ಕೇಳಿ ಮತ್ತೆ ಎದ್ದು ನಿಂತೆ.

ಭಾವನ ತೊಡೆಗಳ ಮೇಲೆಲ್ಲ ಮೇಜಿನ ಮೂಲೆ ಬಡಿದು ನೀಲಿಗಟ್ಟಿದೆಯಂತೆ. ಬಾಗಿಲ ಪಕ್ಕದ ಸ್ಟೂಲಿಗೆ ದಿನಕ್ಕೊಂದು ಸಲ ಎಡವಿ, ಇದನ್ನು ಇಲ್ಲಿ ಯಾರು ಇಟ್ಟಿದ್ದು ಅಂತ ರೇಗುತ್ತಾರಂತೆ. ಮದುವೆಯಾದಾಗಿನಿಂದ ಆ ಸ್ಟೂಲು ಅಲ್ಲೇ ಇದೆ. ಅಕ್ಕ ಈಗ ಮನೆಯಲ್ಲಿ ಒಂದು ಚಪ್ಪಲಿಯನ್ನೂ ಆಚೀಚೆ ಮಾಡುವುದಿಲ್ಲ. ಇದನ್ನೆಲ್ಲ ನಗುನಗುತ್ತಲೇ ಹೇಳುತ್ತಿದ್ದವಳು ಒಮ್ಮೆಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಗಾಜು ಹಿಡ್ಕೊಂಡು ಬಿದ್ದೋರು ಏನಾಗ್ತಾರೆ ಅಂತ ನಿನಗೆ ನಾನು ಹೇಳಬೇಕಾ? ನೀನೇ ನೋಡಿದೀಯಲ್ಲ," ಅಂದಳು.

ನೋಡಿದ್ದೇನೆ. ನಮ್ಮ ಜೊತೆಗಿದ್ದ ಒಬ್ಬ ಮೆಟ್ಟಿಲ ಮೇಲೆ ಜಾರಿದ್ದ. ಅವನು ಬದುಕಿದ್ದಾನೆ, ಆದರೆ ಬಲಗೈಯಲ್ಲಿ ಚಮಚ ಹಿಡಿಯಲಾರ. ಭಾವನಿಗೆ ಹಾಗಾಗಬಾರದು. ಅಕ್ಕನದು ಒಂದೇ ಷರತ್ತು, ನಾನು ಅಂಗಡಿಯ ಯಜಮಾನರಿಗೆ ಚಾಡಿ ಹೇಳಬಾರದು. ಬಿಡುವುದಾದರೆ ಭಾವ ತಾವಾಗಿಯೇ ಬಿಡಬೇಕು, ಇಲ್ಲದಿದ್ದರೆ ಅವರು ಮತ್ತೆ ತಲೆಯೆತ್ತಿ ಓಡಾಡುವುದಿಲ್ಲ. ಇಬ್ಬರೂ ನನ್ನ ಊರಿಗೆ ಬಂದುಬಿಡಿ ಅಂದೆ. ಮೇಜಿನ ಮುಂದೆ ಕೂತು ಗಾಜು ಕತ್ತರಿಸಲಿ, ಎದುರಿಗಿರುವುದು ಕಾಣುತ್ತದಲ್ಲ, ಅದಕ್ಕೆ ಅಷ್ಟು ಸಾಕು. ಅದನ್ನೂ ಅವರಿಗೇ ಹೇಳು ಅಂದಳು.

ಅಂಗಡಿಗೆ ನಡೆದುಕೊಂಡೇ ಹೊರಟೆ. ಯಾರೂ ನನಗಾಗಿ ಕಾಯುತ್ತಿರಲಿಲ್ಲ, ಆದರೂ ಎದುರಿಗೆ ಬಂದವರನ್ನೆಲ್ಲ ಸರಿಸಿಕೊಂಡು ದಾಪುಗಾಲು ಹಾಕಿದೆ. ಈ ಊರಿನ ಗಾಳಿಯೇ ಹಾಗೆ, ಬೆನ್ನ ಹಿಂದೆ ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ನಡೆಸುತ್ತದೆ. ಅಲ್ಲಲ್ಲಿ ರಸ್ತೆ ಅಗೆದು ಹಾಕಿದ್ದರು. ಹೊಸ ಬೋರ್ಡುಗಳು, ಹೊಸ ಬ್ಯಾಂಕು, ನಾನು ಟೀ ಕುಡಿಯುತ್ತಿದ್ದ ಮೂಲೆಯಲ್ಲಿ ಮೊಬೈಲ್ ಅಂಗಡಿ. ತಲೆಯೊಳಗೆ ಭಾವನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತ ನಮ್ಮ ಅಂಗಡಿಯನ್ನೇ ದಾಟಿ ಮುಂದೆ ಹೋಗಿ ಪೆಚ್ಚಾಗಿ ಹಿಂದಿರುಗಿದೆ.

ಅಂಗಡಿ ಮಾತ್ರ ಹಾಗೇ ಇತ್ತು. ಗೋಡೆಗುಂಟ ಮರದ ಚೌಕಟ್ಟುಗಳಲ್ಲಿ ನಿಲ್ಲಿಸಿದ ಗಾಜುಗಳು, ನಡುವೆ ಕಂಬಳಿ ಹಾಸಿದ ದೊಡ್ಡ ಮೇಜು, ಕಾಲ ಕೆಳಗೆ ಕರಕರ ಅನ್ನುವ ಗಾಜಿನ ಪುಡಿ. ಯಜಮಾನರು ನನ್ನನ್ನು ಕಂಡು ದೇವರೇ ಬಂದಂತೆ ಮಾಡಿದರು. ಅವರ ಖುಷಿಗೆ ಕಾರಣ ನಾನಲ್ಲ, ನನ್ನ ಎರಡು ಕೈ. ಮಾರ್ಕೆಟ್ಟಿನ ಹಿಂದಿನ ಓಣಿಯ ಕಟಿಂಗ್ ಶಾಪಿಗೆ ಒಂದು ದೊಡ್ಡ ಕನ್ನಡಿ ಹೋಗಬೇಕಿತ್ತು. ಅಲ್ಲಿಗೆ ವ್ಯಾನು ನುಗ್ಗುವುದಿಲ್ಲ, ಹೊತ್ತುಕೊಂಡೇ ಹೋಗಬೇಕು. ಭಾವನ ಜೊತೆ ಹೊರುವವನು ಜ್ವರ ಬಂದು ಮಲಗಿದ್ದಾನೆ.

ಭಾವ ಮೇಜಿನ ಮೇಲೆ ಬಗ್ಗಿ ಗಾಜಿಗೆ ಗೀರು ಹಾಕುತ್ತಿದ್ದರು. ನೂಲು ಹಿಡಿದಂಥ ಗೀರು. ನನ್ನ ದನಿ ಕೇಳಿ ತಲೆಯೆತ್ತಿ, ನನ್ನ ಮುಖ ಸಿಗುವವರೆಗೂ ತಲೆಯನ್ನು ಮೆಲ್ಲನೆ ಆಚೀಚೆ ತಿರುಗಿಸಿದರು. ಸಿಕ್ಕ ಮೇಲೆ ನಕ್ಕರು. ನಿಮ್ಮಕ್ಕ ವಕಾಲತ್ತಿಗೆ ಕರೆಸಿಕೊಂಡಳಾ ಅಂತ ಕೇಳಿದರು. ನನಗೆ ಪಿತ್ತ ನೆತ್ತಿಗೇರಿತು. ತೋಳು ಹಿಡಿದು ಹಿತ್ತಲಿನ ಓಣಿಗೆ ಎಳೆದುಕೊಂಡು ಹೋಗಿ, ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳನ್ನೆಲ್ಲ ಹಿಂದುಮುಂದಾಗಿ ಒದರಿದೆ. ಕಣ್ಣು, ಡಾಕ್ಟರು, ಅಕ್ಕನ ಅಳು, ನನ್ನ ಅಂಗಡಿ, ಮೇಜು, ಕುರ್ಚಿ. ಅವರು ಗಡ್ಡ ಕೆರೆಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಕುರ್ಚಿ ಅಂದಾಗ ಮಾತ್ರ ಮುಖ ಗಂಟಿಕ್ಕಿದರು.

"ಒಂದು ಕೆಲಸ ಮಾಡೋಣ," ಅಂದರು. "ಈ ಕನ್ನಡಿಗೆ ನೀನು ಹಿಂದೆ ಹಿಡಿ. ದಾರಿಯಲ್ಲಿ ನಾನು ಒಂದೇ ಒಂದು ಕಡೆ ಎಡವಿದ್ರೆ ಇವತ್ತೇ ಬಿಡ್ತೀನಿ. ಎಡವದೇ ಹೋದ್ರೆ ನೀನು ಬಸ್ ಹತ್ತು, ಮತ್ತೆ ಈ ಮಾತು ಎತ್ತಬಾರದು."

ಎಡವುವವರ ಕೈಯಲ್ಲಿ ಕನ್ನಡಿ ಇರುತ್ತದೆ, ಅದರ ಇನ್ನೊಂದು ತುದಿ ನನ್ನ ಕೈಯಲ್ಲಿರುತ್ತದೆ, ಇದೆಂಥ ಪಂದ್ಯ ಅಂತ ಕೂಗಾಡಿದೆ. ಬೇಡವಾದರೆ ಬಿಡು, ಬೀದಿಯಲ್ಲಿ ಯಾರನ್ನಾದರೂ ಕರೆದುಕೊಳ್ಳುತ್ತೇನೆ ಅಂದರು. ಕರೆದುಕೊಂಡೇ ಬಿಡುವ ಮನುಷ್ಯ. ನಾನು ಕೈಗೆ ತೊಗಲಿನ ಪಟ್ಟಿ ಕಟ್ಟಿಕೊಂಡೆ.

ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟು ಇದೆ. ಮುಂದೆ ಹಿಡಿದವನು ಮಾತಾಡಬೇಕು, ಹಿಂದೆ ಹಿಡಿದವನು ಬಾಯಿಗೆ ಬೀಗ ಹಾಕಿಕೊಳ್ಳಬೇಕು. ಮೆಟ್ಟಿಲು, ಎಡ, ಬಲ, ನಿಲ್ಲು, ಏನಿದ್ದರೂ ಮುಂದಿನವನದೇ ಮಾತು. ಹಿಂದಿನವನೂ ಬಾಯಿ ಹಾಕಿದರೆ ಮುಂದಿನವನ ಹೆಜ್ಜೆ ಅರ್ಧಕ್ಕೆ ತಡೆಯುತ್ತದೆ, ಗಾಜು ತಿರುಚಿಕೊಂಡು ಚಟಾರನೆ ಸೀಳುತ್ತದೆ. ಹೊಸಬರಿಗೆ ಇದನ್ನು ಕಲಿಸುತ್ತಿದ್ದವರೇ ಭಾವ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಮ್ಮೆ ಹಿಂದಿನಿಂದ ಜೋಪಾನ ಅಂದಿದ್ದಕ್ಕೆ ಇಡೀ ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಆಮೇಲೆ ಅವರ ಹಿಂದೆ ನಡೆದಷ್ಟು ವರ್ಷವೂ ನಾನು ಗಾಜು ಹಿಡಿದಾಗ ಕೆಮ್ಮಿದವನೂ ಅಲ್ಲ.

ಹೊರಟೆವು. ಕನ್ನಡಿಯ ಬೆನ್ನು ನಮ್ಮ ಹೆಗಲ ಕಡೆಗೆ, ಮುಖ ಬೀದಿಯ ಕಡೆಗೆ. ಎದುರು ಬರುವವರೆಲ್ಲ ತಮ್ಮನ್ನೇ ನೋಡಿಕೊಂಡು ತಲೆಗೂದಲು ಸರಿಮಾಡಿಕೊಂಡರು. ನನ್ನ ಕಣ್ಣು ಮಾತ್ರ ಭಾವನ ಕಾಲುಗಳ ಮೇಲೆ. ಒಪ್ಪಿಕೊಳ್ಳಲೇಬೇಕು, ಮುದುಕ ಜೋರಾಗಿಯೇ ನಡೆದ. ಮೆಟ್ಟಿಲು ಅಂದರು, ಮೆಟ್ಟಿಲಿತ್ತು. ಎಡ ಅಂದರು, ಎಡಕ್ಕೆ ತಿರುವಿತ್ತು. ಮೋರಿಯ ಮುರಿದ ಕಲ್ಲನ್ನು ಅದರ ಕಡೆ ನೋಡದೆಯೇ ದಾಟಿದರು. ಆಗ ನನಗೆ ಅರ್ಥವಾಯಿತು. ಅವರು ನೋಡಿಕೊಂಡು ನಡೆಯುತ್ತಿಲ್ಲ. ಆ ಬೀದಿ ಅವರ ಕಾಲಿಗೆ ಬಾಯಿಪಾಠವಾಗಿದೆ.

ಪಂದ್ಯ ಸೋಲುತ್ತೇನಲ್ಲ ಅಂತ ನನಗೆ ಒಳಗೇ ಉರಿ. ಒಂದು ಕಡೆ ಎಡವಲಿ, ಸಣ್ಣದಾಗಿ, ಚಪ್ಪಲಿ ಜಾರುವಷ್ಟು ಎಡವಲಿ ಅಂತ ಮನಸ್ಸು ಬೇಡುತ್ತಿತ್ತು. ಮರುಕ್ಷಣವೇ ಅಯ್ಯೋ ಬೇಡಪ್ಪಾ ಅನ್ನುತ್ತಿತ್ತು. ಅಂಗೈ ಬೆವತು ಕನ್ನಡಿಯ ಅಂಚು ಜಾರಿದಂತಾಯಿತು. ಬಿಗಿಯಾಗಿ ಹಿಡಿದುಕೊಂಡೆ.

ಮಾರ್ಕೆಟ್ಟಿನ ಹಿಂದಿನ ಓಣಿಗೆ ತಿರುಗಿದೆವು. ಓಣಿಯ ನಟ್ಟನಡುವೆ ಪೈಪಿಗೆಂದು ಅಗೆದಿದ್ದರು. ಮಣ್ಣು ಇನ್ನೂ ಹಸಿಯಾಗಿತ್ತು, ಬೆಳಗ್ಗೆಯಷ್ಟೇ ಅಗೆದದ್ದಿರಬೇಕು. ಅಗೆದವರು ಹಾರೆ ಗುದ್ದಲಿ ಬಿಸಾಕಿ ಎಲ್ಲೋ ಟೀಗೆ ಹೋಗಿದ್ದರು. ಹಗ್ಗವಿಲ್ಲ, ಹಲಗೆಯಿಲ್ಲ. ನನ್ನ ಸೊಂಟದಷ್ಟು ಆಳ, ಒಳಗಡೆ ಕಬ್ಬಿಣದ ಸರಳುಗಳು ಮೂತಿ ಮೇಲೆ ಮಾಡಿ ನಿಂತಿದ್ದವು. ಭಾವ ತಲೆಯೆತ್ತಿಕೊಂಡು, ಕಟಿಂಗ್ ಶಾಪಿನ ಬೋರ್ಡಿನ ಮೇಲೆ ಕಣ್ಣಿಟ್ಟು ಅದೇ ಗತ್ತಿನಲ್ಲಿ ನಡೆಯುತ್ತಿದ್ದರು.

ನಾನು ನೋಡಿದೆ. ನೋಡಿದವನು ಬಾಯಿ ಬಿಡಲಿಲ್ಲ. ಪಂದ್ಯಕ್ಕಾಗಿ ಅಲ್ಲ, ಆ ಗಳಿಗೆಯಲ್ಲಿ ಪಂದ್ಯ ಯಾರಿಗೆ ನೆನಪಿತ್ತು. ಗಾಜು ಕೈಯಲ್ಲಿದ್ದರೆ ನಾಲಿಗೆ ಏಳುವುದಿಲ್ಲ, ಅಷ್ಟೇ. ನಿಲ್ಲು ಅಂತ ಭಾವ ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಅಂತ ಕಾದೆ. ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಲೇ ಇದ್ದೆ. ಅವರು ಕಾಲೆತ್ತಿದರು. ಆ ಕಾಲಿನ ಕೆಳಗೆ ನೆಲವಿರಲಿಲ್ಲ.

"ಭಾವ, ನಿಲ್ಲಿ!"

ನನ್ನ ದನಿಯ ಗುರುತು ನನಗೇ ಸಿಗಲಿಲ್ಲ. ಕನ್ನಡಿಯನ್ನು ಹಿಂದಕ್ಕೆ ಜಗ್ಗಿದೆ. ಭಾವ ಎತ್ತಿದ ಕಾಲನ್ನು ಹಾಗೇ ಹಿಂದಕ್ಕೆ ಇಟ್ಟರು. ಕನ್ನಡಿ ಗುಂಯ್ ಅಂತ ನಡುಗಿ ಸುಮ್ಮನಾಯಿತು. ಒಡೆಯಲಿಲ್ಲ. ಜೀವ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಬಲಕ್ಕೆ ಬನ್ನಿ ಅಂದೆ. ಅವರು ಕೆಳಗೆ ನೋಡಲಿಲ್ಲ, ಏನು ಎತ್ತ ಅಂತ ಕೇಳಲೂ ಇಲ್ಲ. ಬಲಕ್ಕೆ ತಿರುಗಿ ಗೋಡೆಯ ಪಕ್ಕದಿಂದ ಸುತ್ತು ಹಾಕಿ ಬಂದರು. ನಾಲ್ಕು ಹೆಜ್ಜೆಯಾದ ಮೇಲೆ ಬೈಗುಳ ಶುರುವಾಯಿತು. ಹಿಂದಿನವನು ಬಾಯಿ ಬಿಡಬಾರದು ಅಂತ ಮರೆತುಹೋಯಿತಾ, ಸಣ್ಣ ಊರಿಗೆ ಹೋಗಿ ಕೆಲಸವೇ ಮರೆತೆಯಾ, ನನಗೆ ಕಂಡಿತ್ತು, ನಿಲ್ಲುವವನೇ ಇದ್ದೆ. ಕೊನೆಗೆ, ನಾನು ಎಡವಲಿಲ್ಲ ತಾನೇ, ಹಾಗಾದರೆ ಗೆದ್ದವನು ನಾನೇ ಅಂದರು.

ಸಿಟ್ಟಿಗೆ ನನಗೆ ಅಳುವೇ ಬಂದಿತು. ಕೂಗದಿದ್ದರೆ ಅವರು ಸಾಯುತ್ತಿದ್ದರು, ಕೂಗಿದ್ದಕ್ಕೆ ಪಂದ್ಯ ಹೋಯಿತು. ಅಕ್ಕನಿಗೆ ಯಾವ ಮುಖ ತೋರಿಸಲಿ.

ಕಟಿಂಗ್ ಶಾಪಿನವನು ಹಳೆಯ ಕನ್ನಡಿ ತೆಗೆದು ಗೋಡೆ ಒರೆಸಿಟ್ಟಿದ್ದ. ಕನ್ನಡಿಯನ್ನು ನಾನು ಅದುಮಿ ಹಿಡಿದುಕೊಂಡೆ, ಭಾವ ಕ್ಲಿಪ್ಪು ಕೂರಿಸಿ ಒಂದೊಂದೇ ಸ್ಕ್ರೂ ಬಿಗಿದರು. ಒಂದು ಸಲವೂ ಕೈ ತಪ್ಪಲಿಲ್ಲ. ಅಂಗಡಿ ಎರಡರಷ್ಟು ದೊಡ್ಡದಾಗಿ ಕಾಣತೊಡಗಿತು. ಅವನಿಗೆ ಹಿಗ್ಗು ತಡೆಯಲಾಗಲಿಲ್ಲ, ನಿಮ್ಮಿಬ್ಬರಿಗೂ ಟೀ ತರುತ್ತೇನೆ ಅಂತ ಫ್ಲಾಸ್ಕು ಹಿಡಿದು ಹೋದ. ಕೂದಲು ಕತ್ತರಿಸುವ ಕುರ್ಚಿಗಳು ಖಾಲಿ ಬಿದ್ದಿದ್ದವು, ನಾನು ಕೂರಲಿಲ್ಲ. ಬಾಗಿಲಿಗೂ ಗೋಡೆಗೂ ನಾಲ್ಕಾರು ಸಲ ತಿರುಗಾಡಿದೆ. ಆಮೇಲೆ ಭಾವನ ಪಕ್ಕದಲ್ಲಿ ನಿಂತು, ಆಯಿತು, ನೀವೇ ಗೆದ್ದಿರಿ, ನಾನು ಬಸ್ಸಿಗೆ ಹೋಗುತ್ತೇನೆ ಅಂದೆ.

ಅವರು ಕನ್ನಡಿಯನ್ನೇ ನೋಡುತ್ತಿದ್ದರು. ಅದರೊಳಗೆ ನಾವಿಬ್ಬರೂ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿದ್ದೆವು. ನನ್ನನ್ನು ಹುಡುಕಿ ಅವರು ತಲೆ ತಿರುಗಿಸಬೇಕಾಯಿತು.

"ಅಲ್ಲಿ ಏನಿತ್ತು?" ಅಂದರು.

"ಎಲ್ಲಿ?"

"ನೀನು ಕೂಗಿದ ಕಡೆ."

ಕಂಡಿತ್ತು ಅಂದಿದ್ದರಲ್ಲ. ಸುಳ್ಳು ಹೇಳಿ ಮರ್ಯಾದೆ ಉಳಿಸಲೇ ಅಂತ ಒಂದು ಕ್ಷಣ ಅನ್ನಿಸಿತು. ಆದರೆ ಹೇಳಿದೆ, ಗುಂಡಿ, ಅದರ ಆಳ, ಒಳಗಿನ ಸರಳು, ಎಲ್ಲವನ್ನೂ ಹೇಳಿದೆ. ಭಾವ ಕುರ್ಚಿಯ ಬೆನ್ನನ್ನು ತಡಕಿ ಹಿಡಿದುಕೊಂಡರು. ಹೊರಗೆ ಯಾರೋ ಗುಂಡಿಗೆ ಸಿಕ್ಕಿದ ಸೈಕಲ್ಲನ್ನು ಎತ್ತಿಕೊಳ್ಳುತ್ತ ಬೈಯುತ್ತಿದ್ದರು.

"ಜ್ವರ ಬಂದಿದೆಯಲ್ಲ, ಅವನಿದ್ದಿದ್ರೆ ಕೂಗ್ತಿರಲಿಲ್ಲ ಕಣೋ," ಅಂದರು ಭಾವ. "ಅವನಿಗೆ ಹಾಗೆ ಕಲಿಸಿದೀನಿ. ನನ್ನ ಹಿಂದೇನೇ ಬಂದು ಬೀಳ್ತಿದ್ದ, ಬಾಯಿ ಬಿಡದೆ. ಅವನ ಮಗಳು ಈಗ ಗೋಡೆ ಹಿಡ್ಕೊಂಡು ನಡೆಯೋಕೆ ಶುರು ಮಾಡಿದಾಳಂತೆ."

ಅವರು ಕೈಗೆ ಕಟ್ಟಿದ್ದ ಪಟ್ಟಿಯ ಬಕಲು ಬಿಚ್ಚಲು ಹೋದರು, ಆಗಲಿಲ್ಲ. ನಾನೇ ಬಿಚ್ಚಿದೆ.

"ಸಾಕು. ಇದೇ ಕೊನೆಯದು," ಅಂದರು. "ಯಜಮಾನರಿಗೆ ನಾನೇ ಹೇಳ್ತೀನಿ. ನಿಮ್ಮಕ್ಕನಿಗೆ ನೀನು ಹೇಳು, ನನ್ನ ಕೈಲಾಗಲ್ಲ."

ಈ ಒಂದು ಮಾತು ಕೇಳಲಿಕ್ಕೆಂದೇ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದವನು ನಾನು. ಕೇಳಿದ ಮೇಲೆ, ತಲೆಯೆತ್ತಿ ನಡೆದ ಆ ಮನುಷ್ಯ ಹೀಗೆ ಕೈಚೆಲ್ಲಿ ನಿಂತದ್ದನ್ನು ನೋಡಲಾರದೆ, ಭಾವ, ಆ ಮಾತನ್ನು ವಾಪಸ್ ತಗೊಳ್ಳಿ ಅಂತ ಅವರ ಕಾಲು ಹಿಡಿದುಕೊಳ್ಳಬೇಕು ಅನ್ನಿಸಿತು.