ದೇವರಿಲ್ಲದ ಕಟ್ಟು

ಮಂಜೇಶ ನಮ್ಮ ಅಂಗಳಕ್ಕೆ ಜೀಪು ನುಗ್ಗಿಸಿದ ರಭಸಕ್ಕೆ ಒಣಗಲು ಹರವಿದ್ದ ಈ ವರ್ಷದ ಕೊನೆಯ ಮೆಣಸು ಅರ್ಧಕ್ಕರ್ಧ ಚಾಪೆಯಿಂದ ನೆಲಕ್ಕೆ ಹೋಯಿತು. ಎಂಜಿನ್ ಆರಿಸುವಷ್ಟು ತಾಳ್ಮೆಯೂ ಅವನಿಗಿರಲಿಲ್ಲ.

“ಟೀಚರೇ, ಆ ಬೋರ್ಡನ್ನ ನೀವೇ ಕಿತ್ತು ಹಾಕ್ತೀರೋ, ನಾನೇ ಕಿತ್ತು ಎಸೀಲೋ?”

“ಮೊದಲು ಮೆಣಸು ಹೆಕ್ಕು,” ಅಂದೆ.

ಮೂರನೇ ಕ್ಲಾಸಿನಲ್ಲಿ ನನ್ನ ಹತ್ತಿರ ಮಗ್ಗಿ ಕಲಿತವನು. ಬೈದುಕೊಳ್ಳುತ್ತಲೇ ಕುಕ್ಕರಗಾಲಲ್ಲಿ ಕೂತು ಹೆಕ್ಕತೊಡಗಿದ.

ಬೋರ್ಡಿನ ವಿಷಯ ಹೇಳಿಬಿಡುತ್ತೇನೆ. ಸೋಮವಾರಪೇಟೆಯಿಂದ ಮೇಲಕ್ಕೆ ಹತ್ತಿ ಬಂದರೆ ನಮ್ಮ ತೊರೆಗುಂದ, ಅದರ ಬೆನ್ನಿಗೇ ಮುಗಿಲುಕಲ್ಲು ಬೆಟ್ಟ. ಯಾವನೋ ಪುಣ್ಯಾತ್ಮ ಆ ಬೆಟ್ಟದ ಮೇಲಿನ ಮೋಡದ ವಿಡಿಯೋ ಮಾಡಿ ಮೊಬೈಲಿನಲ್ಲಿ ಹರಿಯಬಿಟ್ಟ. ಅಲ್ಲಿಂದ ಶನಿವಾರ ಬಂತೆಂದರೆ ನಮ್ಮೂರಿನ ರಸ್ತೆಯಲ್ಲಿ ಕಾಲಿಡಲು ಜಾಗವಿಲ್ಲ. ಇನ್ನು ಮುಂದೆ ಈ ಬೆಟ್ಟವನ್ನು ನೋಡಿಕೊಳ್ಳುವವರು ಯಾರು ಎನ್ನುವುದು ಮಡಿಕೇರಿಯಲ್ಲಿ ತೀರ್ಮಾನವಾಗಬೇಕಿತ್ತು. ಒಂದೋ ಹೊರಗಿನ ಒಂದು ಕಂಪನಿ, ಇಲ್ಲವೇ ನಮ್ಮ ಗ್ರಾಮ ಸಮಿತಿ. ಕಂಪನಿಗೆ ಹೋದರೆ ಗೇಟಿನ ಬೀಗದ ಕೈ ಅವರದ್ದು, ಟಿಕೆಟ್ ಅವರದ್ದು, ಜೀಪುಗಳೂ ಅವರದ್ದೇ. ನಮ್ಮ ಪಾಲಿಗೆ ಧೂಳು ಮತ್ತು ಕಸ. ಸಮಿತಿಯ ಅಧ್ಯಕ್ಷೆ ನಾನು, ಗೋಮತಿ, ರಿಟೈರಾದ ಮೇಷ್ಟ್ರಮ್ಮ, ಬಾಯಿ ಜೋರು ಎಂದು ಹೆಸರು ಮಾಡಿದವಳು. ಆ ಬೀಗದ ಕೈ ನಮ್ಮೂರಿಗೆ ಬರಲೇಬೇಕು ಎಂದು ಹಟ ಹಿಡಿದು ಕೂತಿದ್ದೆ.

ಮಡಿಕೇರಿಯವರು ಒಂದು ಷರತ್ತು ಹಾಕಿದ್ದರು. ಊರಿಗೇ ಕೊಡುತ್ತೇವೆ, ಆದರೆ ಊರು ಚೆನ್ನಾಗಿದೆಯೋ ಕೆಡುತ್ತಿದೆಯೋ ಎಂದು ಅಳೆದು, ಆ ಅಳತೆ ಹೇಳಿದಂತೆ ನಡೆದು ತೋರಿಸಬೇಕು. ಇದಕ್ಕಾಗಿ ಶರಣ್ಯಾ ಎಂಬ ಹುಡುಗಿಯನ್ನು ಕಳಿಸಿದರು. ಶಿರಂಗಾಲದ ಕಡೆಯವಳು, ಮಾತಾಡುವಾಗ ಎರಡು ಕೈಯೂ ಗಾಳಿಯಲ್ಲಿರುತ್ತಿದ್ದವು. ಅವಳ ಭಾಷೆಯಲ್ಲಿ ಈ ಅಳತೆಗಳ ಹೆಸರು ಸುಸ್ಥಿರತೆಯ ಸೂಚಕಗಳು, ಇಂಡಿಕೇಟರ್. “ನನ್ನ ಜೀಪಿಗೇ ಇಂಡಿಕೇಟರ್ ಇಲ್ಲ, ಬೆಟ್ಟಕ್ಕೆ ಯಾಕೆ?” ಎಂದು ಮಂಜೇಶ ಆಗಲೇ ನಗಾಡಿದ್ದ. ಕೂತು ಜಗಳವಾಡಿ ಮೂರನ್ನು ಆರಿಸಿದೆವು. ಊರಿಗೆಲ್ಲ ನೀರು ಕೊಡುವ ಒರತೆಯ ಕಲ್ಲುತೊಟ್ಟಿಯಲ್ಲಿ ನೀರು ಎಷ್ಟನೇ ಮೆಟ್ಟಿಲಿನವರೆಗಿದೆ. ಬೆಟ್ಟದಿಂದ ಎಷ್ಟು ಚೀಲ ಕಸ ಇಳಿಯಿತು. ಶಾಲೆಯ ಮಕ್ಕಳೂ ತೋಟದ ಕೆಲಸ ಮುಗಿಸಿದ ಹೆಂಗಸರೂ ಬರುವ ಸಾಯಂಕಾಲದ ಬಸ್ಸು ಕತ್ತಲಾಗುವ ಮೊದಲು ಊರು ಮುಟ್ಟಿತೋ ಇಲ್ಲವೋ. ಮೊದಲ ಹದಿನೈದು ದಿನದ ಲೆಕ್ಕವೇ ಅಳತೆಗೋಲು. ಅದಕ್ಕೆ ಸಮನಾಗಿದ್ದರೆ ಹಸಿರು, ಸ್ವಲ್ಪ ತಪ್ಪಿದರೆ ಹಳದಿ, ಪೂರ್ತಿ ಕೆಟ್ಟರೆ ಕೆಂಪು. ಗೇಟಿನ ಪಕ್ಕದ ಬೋರ್ಡಿನಲ್ಲಿ ಊರಿಗೆಲ್ಲ ಕಾಣುವ ಹಾಗೆ ಬಣ್ಣದ ತಟ್ಟೆ ತೂಗುಹಾಕುವುದು. ನೀರು ಕೆಂಪಿಗೆ ಬಂತೆಂದರೆ ಗೇಟು ಮುಚ್ಚಬೇಕು, ಮತ್ತೆ ಹಸಿರಾಗುವ ತನಕ ತೆರೆಯುವಂತಿಲ್ಲ. ಬೀಗದ ಕೈ ನಮಗೆ ಸಿಕ್ಕಿದ ದಿನದಿಂದ ಈ ನಿಯಮ ಜಾರಿ.

ಮೊದಲ ಹದಿನೈದು ದಿನ ಶರಣ್ಯಾ ಕುಣಿದಾಡಿದಳು. “ಎಂಥಾ ಊರು ಟೀಚರ್ ನಿಮ್ಮದು!” ಆಮೇಲೆ ರಜೆಯ ಜನ ಬಂತು ನೋಡಿ. ಮೂರೂ ತಟ್ಟೆ ಕೆಂಪು. ಮರುವಾರವೂ ಕೆಂಪು. ಅದರ ಮರುವಾರವೂ.

“ನಾವೇ ಫೇಲ್ ಅಂತ ನಾವೇ ಬರ್ಕೊಂಡು ತಗಲಾಕ್ಕೊಂಡಿದೀವಿ,” ಎಂದ ಮಂಜೇಶ, ಮೆಣಸು ಊದಿ ಚಾಪೆಗೆ ಹಾಕುತ್ತ. “ಕಂಪ್ನಿಯೋರು ಬಂದು ಫೋಟೋ ಹೊಡ್ಕೊಂಡು ಹೋದ್ರು. ನಾಳೆ ಮಡಿಕೇರಿ ಸಾಹೇಬ್ರು ಬಂದ್ರೆ ಅವರ ಕಣ್ಣಿಗೆ ಬೀಳೋದೂ ಅದೇ.”

ಅಷ್ಟರಲ್ಲಿ ಶರಣ್ಯಾ ಸ್ಕೂಟರಿನಲ್ಲಿ ಬಂದಿಳಿದಳು. ಅವಳ ಮುಖವೂ ಬಾಡಿತ್ತು. “ಎಲ್ಲಿ ತಪ್ಪಿತು ಅಂತಲೇ ಗೊತ್ತಾಗ್ತಿಲ್ಲ ಟೀಚರ್. ಶುರುವಲ್ಲಿ ಅಷ್ಟು ಚೆನ್ನಾಗಿತ್ತಲ್ಲ!”

“ಕಟ್ಟಲ್ಲಿ ಚೆನ್ನಾಗಿರದೆ ಇನ್ನೇನು?” ಎಂದ ಮಂಜೇಶ.

“ಯಾವ ಕಟ್ಟು?”

ನಾನೂ ಮಂಜೇಶನೂ ಮುಖ ಮುಖ ನೋಡಿಕೊಂಡೆವು. ಅವಳಿಗೆ ಯಾರೂ ಹೇಳಿಯೇ ಇರಲಿಲ್ಲ! ಸುಗ್ಗಿ ಹಬ್ಬಕ್ಕೆ ಮೊದಲು ನಮ್ಮಲ್ಲಿ ದೇವರ ಹೆಸರಿನಲ್ಲಿ ಕಟ್ಟು ಬೀಳುತ್ತದೆ. ಹಸಿ ಮರ ಕಡಿಯುವಂತಿಲ್ಲ, ಮದುವೆ ಮೈಕು ಇಲ್ಲ, ಹೊರಗಿನವರು ರಾತ್ರಿ ತಂಗುವಂತಿಲ್ಲ, ಬೆಟ್ಟಕ್ಕೆ ಗಾಡಿ ಹತ್ತುವಂತಿಲ್ಲ. ಹಬ್ಬ ಮುಗಿದ ಮೇಲೆಯೇ ಕಟ್ಟು ಸಡಿಲ. ನಮಗೆ ಇದು ಬೇಸಿಗೆಯಲ್ಲಿ ಸೆಕೆಯಾಗುವಷ್ಟೇ ಸಹಜ. ಸೆಕೆ ಬಂತು ಅಂತ ಯಾರಾದರೂ ಆಫೀಸಿನವರಿಗೆ ಹೇಳುತ್ತಾರೆಯೇ? ಶರಣ್ಯಾ ಅಳೆದ ಆ ಹದಿನೈದು ದಿನ ಸರಿಯಾಗಿ ಕಟ್ಟಿನ ದಿನಗಳು.

ಅವಳು ಮೆಣಸಿನ ಚಾಪೆಯ ಮೇಲೆಯೇ ಕುಸಿದು ಕೂತಳು. “ಟೂರಿಸ್ಟೇ ಇಲ್ಲದಾಗ ಅಳತೆಗೋಲು ಮಾಡಿದ್ದೀನಿ! ಇದನ್ನ ಯಾರೂ ಒಪ್ಪಲ್ಲ.”

ಮಂಜೇಶನ ಮುಖ ಅರಳಿತು. “ಸುಲಭ ಆಯ್ತಲ್ಲ! ಅಳತೆಗೋಲನ್ನ ಕೆಳಗಿಳ್ಸಿ. ಮಾಮೂಲಿ ದಿನದ್ದೇ ಲೆಕ್ಕ ಹಿಡೀರಿ. ನಾಳೆ ಬೆಳಿಗ್ಗೆಗೆ ಎಲ್ಲಾ ಹಸಿರು.”

“ನಿಯಮದ ಪ್ರಕಾರ ಅದೇ ಸರಿ,” ಎಂದಳು ಶರಣ್ಯಾ ಸಣ್ಣ ದನಿಯಲ್ಲಿ.

ನನಗೆ ಸರ್ರೆಂದು ಸಿಟ್ಟು ಬಂತು. “ಮಾಮೂಲಿಯಂತೆ ಮಾಮೂಲಿ! ನಲ್ಲಿಯಲ್ಲಿ ದಿನ ಬಿಟ್ಟು ದಿನ ನೀರು ಬರೋದು ಯಾವ ಮಾಮೂಲಿಯೋ? ಪ್ರತಿ ಬೇಸಿಗೆಯೂ ಬಿಸಿಲು ನೀರು ಕುಡಿದುಬಿಡ್ತು ಅಂತ...” ಅಷ್ಟಕ್ಕೇ ನನ್ನ ಮಾತು ನಿಂತುಹೋಯಿತು. ಕಟ್ಟಿನಲ್ಲಿ ಬಿಸಿಲು ಇರಲಿಲ್ಲವೇ? ಕಾಫಿ ಹೂವರಳಿಸುವ ಹೂಮಳೆ ಬಿದ್ದು ಹೋದ ಮೇಲೆ ಒಂದು ಹನಿ ಕಂಡಿರಲಿಲ್ಲ, ನೆಲ ಕಾದು ಕಾವಲಿಯಾಗಿತ್ತು. ಆದರೂ ತೊಟ್ಟಿ ಅಂಚಿನ ಬಾಯಿಗಲ್ಲಿನವರೆಗೆ ತುಂಬಿ ನಿಂತಿತ್ತಲ್ಲ!

“ಬಿಸಿಲಲ್ಲ ಕಣೇ ಹುಡುಗಿ!” ಎಂದು ಶರಣ್ಯಾಳ ಭುಜ ಹಿಡಿದು ಅಲ್ಲಾಡಿಸಿದೆ. “ನೀರು ಕುಡೀತಿರೋದು ಬಿಸಿಲಲ್ಲ, ನಾವು! ಹೋಂಸ್ಟೇ ಬಕೆಟ್ಟು, ಇವನು ದಿನಾ ಜೀಪು ತೊಳೆಯೋದು! ನೀನು ತಪ್ಪು ಅಳೆದಿಲ್ಲ. ನಾವು ಇಷ್ಟು ವರ್ಷ ನೋಡದೇ ಇದ್ದದ್ದನ್ನ ಅಳೆದಿದೀಯ!”

ಅವಳ ಎರಡು ಕೈಯೂ ಮತ್ತೆ ಗಾಳಿಗೆ ಏರಿದವು.

ಮರುದಿನ ಶಾಲೆಯ ಹಾಲಿನಲ್ಲಿ ಊರೆಲ್ಲ ಸೇರಿತ್ತು. ಮಡಿಕೇರಿಯಿಂದ ಬಂದ ಅಧಿಕಾರಿ ವಿಷ್ಣುಪ್ರಸಾದ್ ಮಿತಭಾಷಿ. ಮುಚ್ಚುಮರೆ ನನ್ನ ಜಾಯಮಾನವಲ್ಲ. ಕಟ್ಟಿನ ವಿಷಯ ಮೊದಲೇ ಎದ್ದು ಹೇಳಿದೆ, ಬಿಸಿಲಿನ ವಿಷಯವನ್ನೂ ಹೇಳಿದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

“ಮೇಡಂ, ಒಂದು ಸಲ ಆದದ್ದನ್ನ ನಾನು ವರದಿಯಲ್ಲಿ ಬರೆಯಲಾರೆ. ಒಳಗೆಲ್ಲೋ ಒರತೆ ಜೋರಾಗಿದ್ದಿರಬಹುದು. ಇದನ್ನ ನಂಬಿ ಬೆಟ್ಟ ನಿಮಗೆ ಕೊಡಿ ಅಂತ ಹೇಗೆ ಹೇಳಲಿ?”

“ಎರಡನೇ ಸಲ ತೋರಿಸಿದರೆ?”

“ಯಾವಾಗ? ಮುಂದಿನ ವರ್ಷವೇ?”

“ಈಗಲೇ. ನಾಳೆಯಿಂದ ಎಂಟು ದಿನ ಕಟ್ಟು.”

ಹಾಲಿನಲ್ಲಿ ಗುಜುಗುಜು ಎದ್ದಿತು. ರಜೆಯ ನಡುಮಧ್ಯೆ! ವಿಷ್ಣುಪ್ರಸಾದ್ ಎಂಟು ದಿನ ಕೊಡಲು ಒಪ್ಪಿದರು. ಒಪ್ಪದವನು ನನ್ನ ಸ್ವಂತ ತಮ್ಮ ನಾಗೇಶ್ವರ. ಊರ ದೇವಸ್ಥಾನದ ಅರ್ಚಕ. ಪ್ರತಿ ವರ್ಷ ಗುಡಿಯ ಮುಂದೆ ನಿಂತು ಕಟ್ಟು ಬಿತ್ತೆಂದು ಕೂಗಿ ಹೇಳುವವನು ಅವನೇ.

“ಅಕ್ಕ, ಅದು ದೇವರ ಹೆಸರಲ್ಲಿ ಕೂಗೋದು. ಟೂರಿಸಂ ಹೆಸರಲ್ಲಿ ನಾನು ಕೂಗಲ್ಲ. ಇವತ್ತು ಇದಕ್ಕೆ ಕೂಗಿದರೆ ನಾಳೆ ಎಲೆಕ್ಷನ್ನಿಗೂ ಕೂಗು ಅಂತೀರಿ.”

ಬೈಯಬೇಕು ಅನಿಸಿತು. ಆದರೆ ಅವನು ಹೇಳಿದ್ದು ಸರಿಯಾಗಿತ್ತು, ಅದೇ ದೊಡ್ಡ ತೊಂದರೆ. ದೇವರ ಭಯವಿಲ್ಲದ ಕಟ್ಟನ್ನು ಯಾರು ಪಾಲಿಸುತ್ತಾರೆ? ಹೋಂಸ್ಟೇ ನಡೆಸುವ ಯಮುನಾ ಆಗಲೇ “ಬುಕ್ ಆಗಿರೋ ಗೆಸ್ಟುಗಳಿಗೆ ಏನಂತ ಹೇಳ್ಲಿ?” ಎಂದು ಗೊಣಗುತ್ತಿದ್ದಳು. ನನ್ನ ಕೈಯಿಂದ ಬೆಟ್ಟ ಜಾರುತ್ತಿರುವುದು ನನಗೆ ಕಾಣುತ್ತಿತ್ತು.

ಎದ್ದು ನಿಂತವನು ಮಂಜೇಶ. “ಕಂಪ್ನಿ ಬಂದ್ರೆ ನನ್ನ ಜೀಪು ಹೆಂಗೂ ನಿಲ್ಲುತ್ತೆ. ಅವರು ನಿಲ್ಸೋಕಿಂತ ನಾನೇ ನಿಲ್ಸ್ತೀನಿ ಬಿಡಿ.” ಅಷ್ಟು ಹೇಳಿ ಹೊರಗೆ ಹೋದ. ಜೀಪು ಸ್ಟಾರ್ಟ್ ಮಾಡಿದ ಸದ್ದು ಕೇಳಿಸಿತು. ನಾವೆಲ್ಲ ಹೋಗಿ ನೋಡಿದರೆ ಬೆಟ್ಟದ ಗೇಟಿಗೆ ಅಡ್ಡವಾಗಿ ತನ್ನ ಜೀಪು ನಿಲ್ಲಿಸಿ, ಬಾನೆಟ್ಟಿನ ಮೇಲೆ ಕೂತಿದ್ದ. ಯಮುನಾ ಅವನನ್ನು ನೋಡಿದಳು, ನಿಟ್ಟುಸಿರುಬಿಟ್ಟಳು, ಗೆಸ್ಟುಗಳಿಗೆ ಒಬ್ಬೊಬ್ಬರಿಗೇ ಫೋನು ಹಚ್ಚಿದಳು.

ಆ ಎಂಟು ದಿನ ನಾನು ಸರಿಯಾಗಿ ಊಟ ಮಾಡಿದ್ದೇ ನೆನಪಿಲ್ಲ. ಬಂದ ಕಾರುಗಳನ್ನು ಮಂಜೇಶನೂ ಅವನ ಜೊತೆಯವರೂ ಕೈಮುಗಿದು ವಾಪಸು ಕಳಿಸುತ್ತಿದ್ದರು. ಸಾಯಂಕಾಲದ ಬಸ್ಸು ಹಗಲಿರುವಾಗಲೇ ಬಂದುಬಿಟ್ಟಾಗ ಹೆಂಗಸರು ಇಳಿದು, ಊರು ತಪ್ಪಿ ಬಂದೆವಾ ಎಂದು ನಕ್ಕರು. ಕಸದ ಚೀಲ ಖಾಲಿ. ನೀರು ಮಾತ್ರ ಹಟ ಮಾಡಿತು. ಮೊದಲೆರಡು ದಿನ ತೊಟ್ಟಿಯಲ್ಲಿ ಕೆಸರೇ. “ಬಿಸಿಲೇ ಇರ್ಬೇಕು ಟೀಚರೇ,” ಎಂದು ಜನ ಶುರುಮಾಡಿದರು. ಮೂರನೆಯ ದಿನ ಒಂದು ಮೆಟ್ಟಿಲು ಮುಳುಗಿತು. ನಾನು ಅಲ್ಲೇ ಚಪ್ಪಾಳೆ ತಟ್ಟಿದೆ!

ಅಷ್ಟು ಹೊತ್ತಿಗೆ ಪಶ್ಚಿಮದಲ್ಲಿ ಮೋಡ ಕಟ್ಟತೊಡಗಿತು. ಮಳೆ ಬಂದರೆ ಮುಗಿಯಿತು, ನೀರು ಏರಿದ್ದು ಮಳೆಯಿಂದ ಎಂದು ಬರೆದುಕೊಂಡು ಹೋಗುತ್ತಾರೆ. ಕಾಫಿ ತೋಟವಿಟ್ಟುಕೊಂಡು ಮೇ ತಿಂಗಳಲ್ಲಿ ಮಳೆ ಬೇಡ ಎಂದು ಬೇಡಿದ ಮೊದಲ ಹೆಂಗಸು ನಾನೇ ಇರಬೇಕು. “ನಾಗೇಶ, ಮಳೆ ಬರದ ಹಾಗೆ ಒಂದು ಪೂಜೆ ಮಾಡೋ,” ಎಂದೆ. “ಅದನ್ನೂ ದೇವರ ಹತ್ತಿರ ಕೇಳಲ್ಲ,” ಎಂದ. ಆದರೆ ಮರುದಿನ ಬೆಳಿಗ್ಗೆ ಅಭಿಷೇಕಕ್ಕೆ ನಾಲ್ಕು ಕೊಡದ ಬದಲು ಒಂದೇ ಕೊಡ ಒಯ್ದ. ನಾನು ಕಂಡರೂ ಕಾಣದವಳ ಹಾಗೆ ಇದ್ದೆ. ಗುಡುಗು ಗುಡುಗಿ, ಮಳೆ ನಮ್ಮನ್ನು ಬಿಟ್ಟು ಆಚೆ ಸಾಲಿನ ಬೆಟ್ಟಕ್ಕೆ ಸುರಿದು ಹೋಯಿತು.

ಎಂಟನೆಯ ದಿನ ಮಧ್ಯಾಹ್ನ ವಿಷ್ಣುಪ್ರಸಾದ್ ಬಂದರು. ತೊಟ್ಟಿಯ ಸುತ್ತ ಇಡೀ ಊರು. ಅವರು ಪ್ಯಾಂಟು ಮಡಿಚಿ ಮೆಟ್ಟಿಲಿಳಿದು ನೀರಿಗೆ ಕೈ ಹಾಕಿದರು. ಬಾಯಿಗಲ್ಲು ಮುಟ್ಟಲು ಇನ್ನೂ ಒಂದು ಮೆಟ್ಟಿಲು ಬಾಕಿ ಇತ್ತು.

“ತುಂಬಿಲ್ಲವಲ್ಲ ಮೇಡಂ?”

“ದೇವರಿಗೆ ಹದಿನೈದು ದಿನ ಕೊಡ್ತೀವಿ ಸಾರ್, ನೀವು ನಮಗೆ ಕೊಟ್ಟಿದ್ದು ಎಂಟು!”

ಆ ಮಿತಭಾಷಿ ನಕ್ಕುಬಿಟ್ಟರು. ಆಮೇಲೆ ಕಾದ ಬಂಡೆಯನ್ನೂ, ಒಣಗಿದ ಹುಲ್ಲನ್ನೂ, ನೀರನ್ನೂ ಬಹಳ ಹೊತ್ತು ನೋಡಿದರು. “ಮಳೆ ಇಲ್ಲದೆ ಇಷ್ಟು ಏರಿದೆ. ಇದನ್ನ ಬರೆಯಬಹುದು. ನಿಮ್ಮ ಕಟ್ಟಿನ ಅಳತೆಯೇ ಇರಲಿ. ಒಂದು ವರ್ಷ ಬೆಟ್ಟ ಊರಿನ ಕೈಲಿರಲಿ ಅಂತ ಬರೆಯುತ್ತೇನೆ. ಗೇಟನ್ನ ಇವತ್ತಿನಿಂದಲೇ ನೋಡಿಕೊಳ್ಳಿ.” ಕಾರಿನಿಂದ ಹೊಸ ಬೀಗವನ್ನೂ ಬೀಗದ ಕೈಯನ್ನೂ ತರಿಸಿ ನನ್ನ ಅಂಗೈಗೆ ಇಟ್ಟರು. ಶರಣ್ಯಾ ಕಿರುಚಿ ನನ್ನನ್ನು ಅಪ್ಪಿಕೊಂಡಳು. ಯಮುನಾ ಅಳುತ್ತಿದ್ದಳು, ನಾನೂ ಅತ್ತೆ. ಯಾರೋ ಪಟಾಕಿ ತರಲು ಓಡಿದರು.

ಅಧಿಕಾರಿಯ ಕಾರು ತಿರುವು ದಾಟುವ ಮೊದಲೇ ಗೇಟಿನ ಮುಂದೆ ಜೀಪುಗಳು ಸಾಲುಗಟ್ಟಿದ್ದವು. ಮಂಜೇಶ ತನ್ನ ಅಡ್ಡ ಜೀಪನ್ನು ತೆಗೆದು ಮೊದಲ ಜಾಗದಲ್ಲೇ ನಿಲ್ಲಿಸಿಕೊಂಡಿದ್ದ. ಎಂಟು ದಿನ ಗಡ್ಡ ಬೋಳಿಸಿರಲಿಲ್ಲ, ಮುಖದ ತುಂಬ ನಗು.

“ತೆಗೀರಿ ಟೀಚರೇ! ನಾಳೆ ಭಾನುವಾರ, ಕೆಳಗೆ ಜನ ಕಾಯ್ತಿದಾರೆ.”

ಬೋರ್ಡು ನೋಡಿದೆ. ಕಸ ಹಸಿರು. ಬಸ್ಸು ಹಸಿರು. ನೀರಿನ ತಟ್ಟೆಯನ್ನು ಶರಣ್ಯಾ ಕೆಂಪಿನಿಂದ ಹಳದಿಗೆ ಬದಲಿಸುತ್ತಿದ್ದಳು. ಹಸಿರಾಗುವ ತನಕ ತೆರೆಯುವಂತಿಲ್ಲ ಎಂದು ಬರೆದವರು ನಾವೇ. ಸಾಹೇಬರು ಹೋಗಿಯಾಗಿತ್ತು, ತೆರೆದರೂ ಕೇಳುವವರಿರಲಿಲ್ಲ. ಇಷ್ಟು ಜನರ ಎಂಟು ದಿನದ ದುಡಿಮೆ ತಿಂದು, ಅವರ ಮುಖ ನೋಡಿ ಇನ್ನೂ ಇಲ್ಲ ಅನ್ನಬೇಕಲ್ಲ! ಬೀಗದ ಕೈ ಸಿಕ್ಕಿದರೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆ.

“ದೇವರ ಕಟ್ಟಾದರೆ ಸಡಿಲ ಆಗೋ ದಿನ ಗೊತ್ತಿರುತ್ತೆ,” ಎಂದ ನಾಗೇಶ್ವರ ಪಕ್ಕದಿಂದ, ಮೆಲ್ಲಗೆ. “ಇದನ್ನ ಸಡಿಲ ಮಾಡೋರು ಯಾರಕ್ಕ?”

“ನೀರು,” ಎಂದೆ. ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದೆ. “ಇನ್ನೊಂದು ಮೆಟ್ಟಿಲು ಇದೆ ಕಣ್ರಪ್ಪ.”

ಚಿಲಕಕ್ಕೆ ಹೊಸ ಬೀಗ ಹಾಕಿ ಒತ್ತಿದೆ. ಮಂಜೇಶ ಜೀಪಿನಿಂದ ಇಳಿದು ದಾಪುಗಾಲು ಹಾಕುತ್ತ ನನ್ನತ್ತಲೇ ಬಂದ. ಬೈಗುಳಕ್ಕೆ ಸಿದ್ಧಳಾಗಿ ನಿಂತೆ. ಅವನು ನನ್ನನ್ನು ದಾಟಿ ಹೋಗಿ, ಬೀಗ ಸರಿಯಾಗಿ ಬಿದ್ದಿದೆಯೋ ಇಲ್ಲವೋ ಎಂದು ಎರಡು ಸಲ ಜಗ್ಗಿ ನೋಡಿದ.